ಹೊಟ್ಟೆಯೊಳಗಿನ ವೈರು

ಹೊಸ ಸೈಕಲ್ಲಿನ ಬ್ರೇಕು, ಗೇರು, ಎಲ್ಲದರ ವೈರೂ ಈಗ ಹ್ಯಾಂಡಲ್ಲಿನೊಳಗೆ, ಫ್ರೇಮಿನೊಳಗೆ. ನೋಡಿದರೆ ಕಣ್ಣು ತಂಪು, ಕೆಟ್ಟರೆ ಜೇಬು ಬಿಸಿ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕೆಟ್ಟಿದೆ ಅನ್ನುವುದೇ ಗೊತ್ತಾಗದಿದ್ದರೆ?

ರಿಪೇರಿ ಅಂಗಡಿಯಲ್ಲಿ ಸ್ಟ್ಯಾಂಡಿಗೆ ಏರಿಸಿದ್ದ ನನ್ನ ಸೈಕಲ್ಲಿನ ಹ್ಯಾಂಡಲ್ ಕಳಚಿ ಜೋತುಬಿದ್ದಿತ್ತು. ಪೂರ್ತಿ ಕಳಚಿರಲಿಲ್ಲ. ಎರಡು ಕಪ್ಪು ಪೈಪುಗಳು ಅದನ್ನಿನ್ನೂ ಹಿಡಿದುಕೊಂಡಿದ್ದವು, ಅರ್ಧ ಕೊಯ್ದ ಕೋಳಿಯ ಕತ್ತಿನ ಹಾಗೆ. ಹೊರಗೆ ಜೂನ್ ಮೊದಲ ವಾರದ ಮಳೆ. ಒಳಗೆ ಗ್ರೀಸು, ರಬ್ಬರು, ಒದ್ದೆ ರೇನ್‌ಕೋಟುಗಳ ಬೆರಕೆ ವಾಸನೆ.

ಮೆಕ್ಯಾನಿಕ್ ಬಳೆಯಂಥದ್ದೊಂದನ್ನು ನನ್ನ ಅಂಗೈಗೆ ಹಾಕಿದರು. ಹ್ಯಾಂಡಲ್ ತಿರುಗುವ ಜಾಗದ ಮೇಲಿನ ಬೇರಿಂಗ್. "ತಿರುಗಿಸಿ ನೋಡಿ ಸಾರ್."

ತಿರುಗಿಸಿದೆ. ಬೀಸುವ ಕಲ್ಲಿಗೆ ರಾಗಿಯ ಬದಲು ಮರಳು ಹಾಕಿದಂತಾಯಿತು. ಬೆರಳಿಗೆ ಕಂದು ನೀರು ಮೆತ್ತಿಕೊಂಡಿತು.

ನಾನು ಹೋಗಿದ್ದು ಸಣ್ಣ ದೂರು ಹೊತ್ತುಕೊಂಡು: ಹ್ಯಾಂಡಲ್ ತಿರುಗಿಸಿದರೆ ಕರಕರ ಅನ್ನುತ್ತದೆ. ಬೇರಿಂಗಿನ ಬೆಲೆ 650 ರೂಪಾಯಿ. ಒಟ್ಟು ಬಿಲ್ಲು 5,200. ಮಿಕ್ಕಿದ್ದೆಲ್ಲ ಆ ಬೇರಿಂಗನ್ನು ತಲುಪುವ ಪ್ರಯಾಣದ ವೆಚ್ಚ. ನನ್ನ ಸೈಕಲ್ಲಿನಲ್ಲಿ ಹಿಂದಿನ ಮತ್ತು ಮುಂದಿನ ಬ್ರೇಕಿನ ಎಣ್ಣೆ ಪೈಪುಗಳು ಹ್ಯಾಂಡಲ್ಲಿನ ಹೊಟ್ಟೆಯಲ್ಲಿ ಹರಿದು, ಆ ಬೇರಿಂಗಿನ ತೂತಿನೊಳಗಿಂದಲೇ ಕೆಳಗಿಳಿಯುತ್ತವೆ. ಬಳೆ ತೆಗೆಯಬೇಕಾದರೆ ಕೈ ಕತ್ತರಿಸಬೇಕು ಅನ್ನುವ ಸ್ಥಿತಿ. ಎರಡೂ ಪೈಪು ಬಿಚ್ಚಬೇಕು, ತುದಿ ಕತ್ತರಿಸಬೇಕು, ಬೇರಿಂಗ್ ಬದಲಿಸಬೇಕು, ಹೊಸ ತುದಿ ಕೂರಿಸಬೇಕು, ಆಮೇಲೆ ಎಣ್ಣೆ ತುಂಬಿ ಒಳಗಿನ ಗಾಳಿಗುಳ್ಳೆಗಳನ್ನು ಓಡಿಸಬೇಕು. ಒಂದು ಗುಳ್ಳೆ ಉಳಿದರೂ ಲಿವರ್ ಮೆತ್ತಗಾಗುತ್ತದೆ.

"ಹಳೇ ಸೈಕಲ್ ಆಗಿದ್ರೆ ಇಪ್ಪತ್ತು ನಿಮಿಷದ ಕೆಲಸ ಸಾರ್," ಅಂದರು ಅವರು. ಸಂತಾಪ ಹೇಳುವ ದನಿಯಿತ್ತು.

ಜೂನ್ 3 ವಿಶ್ವ ಬೈಸಿಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ್ದು. ಅಧಿಕಾರಿಗಳು ಒಂದು ಕಿಲೋಮೀಟರ್ ಪೆಡಲ್ ತುಳಿದು ಫೋಟೊ ತೆಗೆಸಿಕೊಳ್ಳುವ ದಿನವೂ ಹೌದು. ಸರಳ, ಅಗ್ಗ, ನಂಬಿಕಸ್ತ ವಾಹನ ಎಂದು ಸೈಕಲ್ಲನ್ನು ಅವತ್ತು ಹೊಗಳುತ್ತಾರೆ. 5,200ರ ಬಿಲ್ಲು ಕೈಯಲ್ಲಿ ಹಿಡಿದು ಆ ಭಾಷಣ ಕೇಳಿಸಿಕೊಂಡವನು ನಾನು.

ಸಾಬರ ಕಣ್ಣು

ನಾನು ಹುಡುಗನಾಗಿದ್ದಾಗ ತಿಪಟೂರಿನಲ್ಲಿ ನಮ್ಮ ಬೀದಿಯ ತುದಿಗೆ ಸೈಕಲ್ ಶಾಪ್ ಸಾಬರಿದ್ದರು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು ಅವರದೇ. ಸೈಕಲ್ ತಳ್ಳಿಕೊಂಡು ಹೋದರೆ ಅವರು ಕೂತ ಡಬ್ಬದಿಂದ ಏಳುತ್ತಿರಲಿಲ್ಲ. ಅಲ್ಲಿಂದಲೇ ನೋಡಿ, "ಹಿಂದಿನ್ ಬ್ರೇಕ್ ಕಡ್ಡಿ ಬಗ್ಗೈತೆ ತಮ್ಮಾ, ಎಲ್ಲಿ ಬಿದ್ದೆ?" ಅನ್ನುತ್ತಿದ್ದರು. ಬಿದ್ದದ್ದನ್ನು ಮನೆಯಲ್ಲಿ ಮುಚ್ಚಿಡಬಹುದಿತ್ತು, ಸಾಬರ ಹತ್ತಿರ ಆಗುತ್ತಿರಲಿಲ್ಲ.

ಅದು ಸಾಬರ ಜಾಣ್ಮೆ ಮಾತ್ರವಲ್ಲ, ಆ ಸೈಕಲ್ಲಿನ ಗುಣವೂ ಹೌದು. ಅಟ್ಲಾಸು, ಹರ್ಕ್ಯುಲಿಸ್ಸು, ಹೀರೊ ಯಾವುದೇ ಇರಲಿ, ಹ್ಯಾಂಡಲ್ಲಿನಿಂದ ಚಕ್ರದ ತನಕ ಕಡ್ಡಿಗಳು ಮೊಣಕೈ ಮಡಿಸಿದಂತೆ ಜೋಡಿಸಿಕೊಂಡಿರುತ್ತಿದ್ದವು. ಲಿವರ್ ಎತ್ತಿದರೆ ಕಡ್ಡಿ ಮೇಲೇಳುತ್ತದೆ, ಎರಡು ರಬ್ಬರು ರಿಮ್ಮನ್ನು ಒಳಬದಿಯಿಂದ ಒತ್ತುತ್ತವೆ. ಶಕ್ತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಆರು ವರ್ಷದ ಮಗುವೂ ಬೆರಳಿಟ್ಟು ತೋರಿಸಬಹುದಿತ್ತು. ಮಳೆಯಲ್ಲಿ ಆ ಬ್ರೇಕು ಹಿಡಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಹಿಡಿಯುವುದಿಲ್ಲ ಅಂತ ಮೊದಲೇ ಗೊತ್ತಿರುತ್ತಿತ್ತು.

ಕಡ್ಡಿ ಹೋಗಿ ವೈರು ಬಂದಾಗಲೂ ಈ ಗುಣ ಉಳಿಯಿತು. ಹೊರಕೊಳವೆ, ಅಂದರೆ ಔಟರ್, ಬಿರುಕು ಬಿಟ್ಟರೆ ಕಾಣುತ್ತದೆ. ಒಳಗಿನ ತಂತಿಯ, ಅಂದರೆ ಇನ್ನರಿನ, ಒಂದು ಎಳೆ ಕಿತ್ತರೆ ಮುಳ್ಳಿನ ಹಾಗೆ ಎದ್ದು ಬೆರಳಿಗೆ ಚುಚ್ಚಿ ಎಚ್ಚರಿಸುತ್ತದೆ.

> ಬೌಡೆನ್ ವೈರು
> ಸುತ್ತು ಹಾಕಿದ ಕೊಳವೆಯೊಳಗೆ ಉಕ್ಕಿನ ಎಳೆಗಳ ತಂತಿ. ತಂತಿ ಎಳೆಯುತ್ತದೆ, ಕೊಳವೆ ಆ ಎಳೆತಕ್ಕೆ ಎದೆ ಕೊಡುತ್ತದೆ. ಎರಡೂ ಸೇರಿದರಷ್ಟೇ ಕೆಲಸ. ಇದರ ಪೇಟೆಂಟು ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ ಅವರದು, 1896ರದು. ರ‍್ಯಾಲಿ ಸೈಕಲ್ ಕಂಪನಿಯ ಫ್ರಾಂಕ್ ಬೌಡೆನ್ ಬೇರೆ, ಇವರು ಬೇರೆ. ಹೆಸರಿನ ಸಾಮ್ಯದಿಂದ ಕೀರ್ತಿ ಆಗಾಗ ಫ್ರಾಂಕ್ ಅವರ ಖಾತೆಗೆ ಜಮೆಯಾಗುತ್ತದೆ. ಗೇರಿನ ಇನ್ನರ್ ವೈರು 1.2 ಮಿಲಿಮೀಟರ್ ದಪ್ಪ, ಬ್ರೇಕಿನದು ಸುಮಾರು 1.6. ಗೇರಿನ ಔಟರನ್ನು ಬ್ರೇಕಿಗೆ ಹಾಕಬಾರದು: ಅದರೊಳಗಿನ ಎಳೆಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕು ಜೋರಾಗಿ ಹಿಡಿದಾಗ ಬಿಚ್ಚಿಕೊಂಡು ಬಿಡಬಹುದು.

ಒಳಗೆ ಹೋದದ್ದು ಹೇಗೆ

ನಲವತ್ತು ವರ್ಷದ ಹಿಂದಿನ ರೇಸ್ ಫೋಟೊಗಳನ್ನು ನೋಡಿ. ಬ್ರೇಕ್ ಲಿವರಿನ ನೆತ್ತಿಯಿಂದ ವೈರು ಎದ್ದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಾಗಿ ಇಳಿಯುತ್ತದೆ. 80ರ ದಶಕದಲ್ಲಿ ಅದು ಹ್ಯಾಂಡಲ್ಲಿಗೆ ಸುತ್ತುವ ಟೇಪಿನ ಅಡಿಗೆ ಸರಿಯಿತು. ಆಮೇಲೆ ಫ್ರೇಮಿನ ಪಕ್ಕದಲ್ಲೊಂದು ತೂತು. ಕೊನೆಗೆ ಹ್ಯಾಂಡಲ್ಲಿನೊಳಗೆ, ಅದರ ಕುತ್ತಿಗೆಯೊಳಗೆ, ಬೇರಿಂಗಿನೊಳಗೆ.

ಮೂರು ಸಂಗತಿಗಳು ದಾರಿ ಸುಗಮ ಮಾಡಿದವು. ಫ್ರೇಮುಗಳು ಕಾರ್ಬನ್ ಫೈಬರಿನವಾದವು, ಅಚ್ಚಿನಲ್ಲೇ ಪೊಳ್ಳು ದಾರಿ ಬಿಡಬಹುದು. 2009ರಲ್ಲಿ ಶಿಮಾನೊ ತನ್ನ ಎಲೆಕ್ಟ್ರಾನಿಕ್ ಗೇರ್ ತಂದಿತು; ಕರೆಂಟಿನ ವೈರಿಗೆ ತಿರುವು ಎಷ್ಟಿದ್ದರೂ ಲೆಕ್ಕವಿಲ್ಲ. ಎಣ್ಣೆಯೊತ್ತಡದ ಡಿಸ್ಕ್ ಬ್ರೇಕಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರ ಜುಲೈಯಿಂದ ರಸ್ತೆ ರೇಸುಗಳಲ್ಲಿ ಶಾಶ್ವತ ಒಪ್ಪಿಗೆ ಕೊಟ್ಟಿತು. ಎಣ್ಣೆಯೂ ಸೊಟ್ಟ ದಾರಿಯಲ್ಲಿ ಸಲೀಸಾಗಿ ಹರಿಯುತ್ತದೆ.

ಇಷ್ಟಕ್ಕೂ ಅಡಗಿಸುವುದೇಕೆ? ಗಾಳಿಯನ್ನು ಮೊದಲು ಸೀಳುವ ವಸ್ತುಗಳಲ್ಲಿ ಹ್ಯಾಂಡಲ್ಲಿನ ಮುಂದಿನ ಆ ವೈರುಗಳೂ ಸೇರಿವೆ. ದುಂಡಗಿನ ತಂತಿ ತನ್ನ ಗಾತ್ರಕ್ಕೆ ಮೀರಿ ಗಾಳಿಯನ್ನು ಕಲಕುತ್ತದೆ. ರೇಸಿನವರಿಗೆ ಇದು ತಮಾಷೆಯಲ್ಲ. 1989ರ ಟೂರ್ ದ ಫ್ರಾನ್ಸನ್ನು ಗ್ರೆಗ್ ಲೆಮಾಂಡ್ ಗೆದ್ದದ್ದು, ಮೂರು ವಾರಗಳ ಓಟದ ಕೊನೆಗೆ, 8 ಸೆಕೆಂಡುಗಳಿಂದ.

ಆದರೆ ನನ್ನ ನಿಮ್ಮ ಕತೆ? ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ವೈರು ಅಡಗಿಸಿದ್ದರಿಂದ 4 ವ್ಯಾಟ್ ಉಳಿಯಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ವೇಗ ಅರ್ಧಕ್ಕೆ ಇಳಿದರೆ ಉಳಿತಾಯ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗವಾಗುತ್ತದೆ. ಅರ್ಧ ವ್ಯಾಟ್. ದೇವರ ಮನೆಯ ಪುಟ್ಟ ಎಲ್‌ಇಡಿ ದೀಪಕ್ಕೆ ಸಾಕಾಗುವಷ್ಟು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಾಗ ಅದೂ ಇಲ್ಲ.

ಹಾಗಿದ್ದೂ ಸಾಧಾರಣ ಬೆಲೆಯ ಸೈಕಲ್ಲಿಗೂ ಈ ಪದ್ಧತಿ ಇಳಿದು ಬಂದಿರುವುದಕ್ಕೆ ಕಾರಣ ಗಾಳಿಯಲ್ಲ, ಚೆಂದ. ನಾನೂ ಅದಕ್ಕೇ ಮರುಳಾದವನು. ಅಂಗಡಿಯಲ್ಲಿ ಬೋಳು ಬೋಳಾಗಿ ನಿಂತ ಆ ಹ್ಯಾಂಡಲ್ ನೋಡಿ, ಪಕ್ಕದ ಸೈಕಲ್ಲಿನ ವೈರುಗಳು ಕರೆಂಟ್ ಕಂಬದ ಮೇಲಿನ ಕೇಬಲ್ ಟೀವಿ ಜಾಲದಂತೆ ಕಂಡಿದ್ದವು.

ಗೂಟದ ಲೆಕ್ಕ

ಎತ್ತು ಓಡದಂತೆ ತಡೆಯಬೇಕಾದರೆ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದರೆ ಸಾಕು. ಎತ್ತಿನ ಬಲವನ್ನೆಲ್ಲ ಗೂಟದ ಮೇಲಿನ ಉಜ್ಜು ನುಂಗಿಬಿಡುತ್ತದೆ. ಸುತ್ತು ಹೆಚ್ಚಿದಷ್ಟೂ ಹಿಡಿತ ದುಪ್ಪಟ್ಟು, ಮತ್ತೆ ದುಪ್ಪಟ್ಟು ಎಂದು ಏರುತ್ತದೆ.

ಸೈಕಲ್ಲಿನಲ್ಲಿ ಎತ್ತಿನ ಜಾಗದಲ್ಲಿ ನಿಮ್ಮ ಬೆರಳಿದೆ. ಮಾಮೂಲಿ ಉಕ್ಕಿನ ವೈರನ್ನು ಹ್ಯಾಂಡಲ್ಲಿನೊಳಗೆ ತೂರಿಸಿ, ಅಲ್ಲಿಂದ ಚೂಪಾಗಿ ಕುತ್ತಿಗೆಗೆ ತಿರುಗಿಸಿ, ಮತ್ತೆ ಫ್ರೇಮಿಗೆ ಬಗ್ಗಿಸಿದರೆ ಪ್ರತಿ ತಿರುವೂ ಒಂದು ಗೂಟ. ಬೆರಳಿನ ಬಲ ಬ್ರೇಕಿಗೆ ತಲುಪುವ ಮೊದಲೇ ದಾರಿಖರ್ಚಿಗೆ ಹೋಗುತ್ತದೆ. ಗೇರಿನಲ್ಲಿ ಇನ್ನೂ ನಾಜೂಕು: ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ವೈರು ಸರಿಯುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಅದರಲ್ಲಿ ಸ್ವಲ್ಪ ಉಜ್ಜಿನಲ್ಲಿ ಕಳೆದರೂ ಚೈನು ಎರಡು ಹಲ್ಲುಚಕ್ರಗಳ ನಡುವೆ ನಿಂತು ಯೋಚಿಸತೊಡಗುತ್ತದೆ. ಎಲೆಕ್ಟ್ರಾನಿಕ್ ಗೇರಿಗೆಂದು ಹುಟ್ಟಿದ ವಿನ್ಯಾಸವನ್ನು ಬೆಲೆ ಇಳಿಸಲು ಮಾಮೂಲಿ ವೈರಿನ ಸೈಕಲ್ಲಿಗೂ ತೊಡಿಸುವುದು ನನಗೆ ಕೊಂಚ ಅಪ್ರಾಮಾಣಿಕವಾಗಿಯೇ ಕಾಣುತ್ತದೆ.

ಕಾಣದ ಗೀರು

ಇಷ್ಟೂ ಕಿರಿಕಿರಿಯ ಪಟ್ಟಿ. ಅಪಾಯದ ಮಾತು ಇನ್ನು ಮುಂದೆ.

ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನಿಂದ ಒಂದು ಕೊಳವೆ ಮೇಲಕ್ಕೆ ಬಂದು ಹ್ಯಾಂಡಲ್ಲಿಗೆ ಸೇರುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಸ್ಟೀರರ್. ಸವಾರನಿಗೂ ಮುಂಚಕ್ರಕ್ಕೂ ಇರುವ ನೆಂಟಸ್ತಿಕೆ ಅದೊಂದೇ. ಅದು ತುಂಡಾದರೆ ಹ್ಯಾಂಡಲ್ ಕೈಯಲ್ಲಿ ಉಳಿಯುತ್ತದೆ, ಸೈಕಲ್ಲು ಉಳಿಯುವುದಿಲ್ಲ. ದುಬಾರಿ ಸೈಕಲ್ಲುಗಳಲ್ಲಿ ಇದು ಕಾರ್ಬನ್ನಿನದು.

ಒಳದಾರಿಯ ಸೈಕಲ್ಲಿನಲ್ಲಿ ಬ್ರೇಕಿನ ಪೈಪುಗಳು ಇದೇ ಕೊಳವೆಯನ್ನು ಒರಸಿಕೊಂಡು ಇಳಿಯುತ್ತವೆ. ಹ್ಯಾಂಡಲ್ ಒಮ್ಮೆ ತಿರುಗಿದರೆ ಒಂದು ಉಜ್ಜು. ಮಳೆಗಾಲದಲ್ಲಿ ಸಂದಿಗೆ ಇಳಿದ ಕೆಸರು ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೀರು ಯಾರು ನೋಡಿಲ್ಲ? ಕಲ್ಲಿಗೆ ಅಷ್ಟಾದರೆ ಕಾರ್ಬನ್ನಿಗೆ? ಒಳ್ಳೆಯ ವಿನ್ಯಾಸದಲ್ಲಿ ರಕ್ಷಣೆಗೆ ಪ್ಲಾಸ್ಟಿಕ್ ತೊಡಿಸಿರುತ್ತಾರೆ, ಕೊಳವೆಯ ಆಕಾರವನ್ನೇ ಬದಲಿಸಿ ಜಾಗ ಮಾಡಿರುತ್ತಾರೆ. ಎಲ್ಲರೂ ಮಾಡಿರುವುದಿಲ್ಲ. ಉಕ್ಕು ಸೋಲುವ ಮೊದಲು ಸಾಮಾನ್ಯವಾಗಿ ಬಗ್ಗುತ್ತದೆ, ಕಿರುಗುಡುತ್ತದೆ. ಕಾರ್ಬನ್ನಿಗೆ ಅಂಥ ಸೌಜನ್ಯವಿಲ್ಲ. ಗೀರು ಇದೆಯೇ ಎಂದು ನೋಡಬೇಕಾದರೆ ಫೋರ್ಕು ಇಳಿಸಬೇಕು, ಇಳಿಸಲು ಪೈಪು ಬಿಚ್ಚಬೇಕು, ಬಿಚ್ಚಿದರೆ ಐದು ಸಾವಿರ. ಹಾಗಾಗಿ ಯಾರೂ ನೋಡುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಪೆಷಲೈಸ್ಡ್ ಕಂಪನಿ ತನ್ನ ಹೆಸರಾಂತ ಟಾರ್ಮ್ಯಾಕ್ ಎಸ್‌ಎಲ್7 ಸೈಕಲ್ಲುಗಳನ್ನು ರಿಪೇರಿಗೆ ವಾಪಸ್ ಕರೆಯಿತು. ಮುಂದಿನಿಂದ ಜೋರು ಪೆಟ್ಟು ಬಿದ್ದರೆ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗ್ ಜೋಡಣೆಯ) ಭಾಗವೊಂದು ಸ್ಟೀರರನ್ನು ಒತ್ತಿ ಬಿರುಕು ಬಿಡಿಸುವ ಸಾಧ್ಯತೆಯಿತ್ತು. ಅಲ್ಲಿ ತಪ್ಪು ವೈರಿನ ಉಜ್ಜಿನದಲ್ಲ. ಆದರೆ ಬೇರಿಂಗು, ಅದನ್ನು ಅದುಮುವ ಉಂಗುರ, ಸ್ಟೀರರು ಮಾತ್ರ ಇರಬೇಕಾದ ಬೆರಳಗಲದ ಜಾಗಕ್ಕೆ ಪೈಪುಗಳನ್ನೂ ಬಾಡಿಗೆಗೆ ಇಟ್ಟರೆ ಇಂಜಿನಿಯರನ ಲೆಕ್ಕ ಎಷ್ಟು ಬಿಗಿಯಾಗುತ್ತದೆ ಅನ್ನುವುದಕ್ಕೆ ಇಂಥ ಸುದ್ದಿಗಳು ಸೂಚನೆ.

ಅದೇ ವರ್ಷ ಮಾರ್ಚ್ 2ರಂದು ಬೆಲ್ಜಿಯಂನ ಲ ಸಮಿನ್ ರೇಸಿನಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಅವರ ಹ್ಯಾಂಡಲ್ಲಿನ ಒಂದು ಬದಿ ಓಟದ ನಡುವೆಯೇ ಮುರಿದು ಜೋತಾಡತೊಡಗಿತು. ಮುರುಕಲು ಹ್ಯಾಂಡಲ್ ಹಿಡಿದೇ ಆ ಮನುಷ್ಯ ಗುರಿ ಮುಟ್ಟಿದ. ಗೆದ್ದದ್ದು ಅವನ ತಂಡದ ಟಿಮ್ ಮೆರ್ಲಿಯರ್. ಆ ಮಾದರಿಯ ಸೈಕಲ್ಲು ಕೊಂಡವರಿಗೆ ತುಳಿಯುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಕ್ಯಾನ್ಯನ್ ಕಂಪನಿ ಹೇಳಬೇಕಾಯಿತು. ಇಲ್ಲೂ ವೈರು ಅಪರಾಧಿಯಲ್ಲ. ಆದರೆ ಮಾಮೂಲಿ ಹ್ಯಾಂಡಲ್ ಆಗಿದ್ದರೆ ಯಾವ ಅಂಗಡಿಯಲ್ಲಾದರೂ ಇನ್ನೊಂದು ಕೊಂಡು ಹಾಕಬಹುದಿತ್ತು. ವೈರು ನುಂಗಿದ ಹ್ಯಾಂಡಲ್ಲಾದರೆ ಆ ಸೈಕಲ್ಲಿಗೇ ಹೊಂದುವ ಇನ್ನೊಂದು ಬೇಕು, ಕಂಪನಿಯಿಂದಲೇ ಬರಬೇಕು.

ಇನ್ನು ಬೆವರು. ಮನೆಯೊಳಗೆ ಟ್ರೇನರ್ ಯಂತ್ರಕ್ಕೆ ಸೈಕಲ್ ಕಟ್ಟಿ ತುಳಿಯುವವರ ಬೆವರು ನೇರ ತೊಟ್ಟಿಕ್ಕುವುದು ಹ್ಯಾಂಡಲ್ಲಿನ ನಡುವಿಗೆ, ಪೈಪು ಒಳಗಿಳಿಯುವ ಕಂಡಿಗೆ. ಉಪ್ಪುನೀರು ಮೊದಲು ಬೇರಿಂಗನ್ನು ತಿನ್ನುತ್ತದೆ. ಟೇಪಿನ ಅಡಿಗೆ ಹರಿದದ್ದು ಅಲ್ಯುಮಿನಿಯಂ ಹ್ಯಾಂಡಲ್ಲನ್ನು ಬಿಳಿ ಪುಡಿ ಮಾಡುತ್ತದೆ. ಹೊರವೈರಿನ ಸೈಕಲ್ಲಿನಲ್ಲಿ ವರ್ಷಕ್ಕೊಮ್ಮೆ ವೈರು ಬದಲಿಸುವ ನೆಪದಲ್ಲಾದರೂ ಟೇಪು ಬಿಚ್ಚುತ್ತಿದ್ದರು, ಪುಡಿ ಕಾಣುತ್ತಿತ್ತು. ಮಂಗಳೂರು, ಕಾರವಾರದ ಕಡಲಗಾಳಿಯಲ್ಲಿ ಸೈಕಲ್ ಇಟ್ಟವರಿಗೆ ಬೆವರೂ ಬೇಡ.

ಸಿರಾ ದಾಟಿದ ಮೇಲೆ

ಬ್ರೆವೆ ಅನ್ನುವ ದೂರದ ಸವಾರಿಗಳು ಬೆಂಗಳೂರಿನ ಸೈಕಲ್ ಪ್ರಿಯರಿಗೆ ಚೆನ್ನಾಗಿ ಗೊತ್ತು. 200, 300, 400, 600 ಕಿಲೋಮೀಟರ್, ಗೊತ್ತುಮಾಡಿದ ಗಂಟೆಗಳೊಳಗೆ. ಹಿಂದೆ ಬೆಂಗಾವಲು ಗಾಡಿ ಬರುವಂತಿಲ್ಲ. ಕೆಟ್ಟರೆ ನೀವೇ ರಿಪೇರಿ ಮಾಡಿಕೊಳ್ಳಬೇಕು.

ಅಂಥದ್ದೊಂದರಲ್ಲಿ, ಸಿರಾ ದಾಟಿದ ಮೇಲೆ, ರಾತ್ರಿ ಹನ್ನೊಂದರ ಸುಮಾರಿಗೆ ಗೆಳೆಯನ ಗೇರ್ ವೈರು ಲಿವರಿನೊಳಗೆ ತುಂಡಾಯಿತು. ವೈರು ತುಂಡಾದರೆ ಹಿಂದಿನ ಗೇರು ಸ್ಪ್ರಿಂಗಿನ ಎಳೆತಕ್ಕೆ ಅತಿ ಸಣ್ಣ ಹಲ್ಲುಚಕ್ರಕ್ಕೆ ಜಾರುತ್ತದೆ. ಇಳಿಜಾರಿಗೆ ಸರಿ, ಏರಿಗೆ ಮೊಣಕಾಲಿನ ಸಮಾಧಿ. ಬ್ಯಾಗಿನಲ್ಲಿ ಹೊಸ ವೈರಿತ್ತು. ಡಾಬಾದ ಟ್ಯೂಬ್‌ಲೈಟಿನ ಕೆಳಗೆ ಸೈಕಲ್ ಮಲಗಿಸಿದೆವು.

ಅವನ ಫ್ರೇಮಿನಲ್ಲಿ ಔಟರ್ ಪೂರ್ತಿ ಉದ್ದಕ್ಕೆ ಇರಲಿಲ್ಲ. ಒಳಗೆ ಇನ್ನರ್ ವೈರು ಬೆತ್ತಲೆಯಾಗಿ ಹೋಗುತ್ತಿತ್ತು. ತಿಳಿದವರು ಹಳೆಯ ವೈರು ತೆಗೆಯುವ ಮೊದಲು ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ ಏರಿಸಿ ದಾರಿ ಉಳಿಸಿಕೊಳ್ಳುತ್ತಾರೆ. ಅವನು ದಣಿದಿದ್ದ. ಹಳೆಯದನ್ನು ಸರ್ರನೆ ಎಳೆದು ಬಿಸಾಡಿದ. ಎಳೆದ ಮರುಕ್ಷಣ ಇಬ್ಬರಿಗೂ ಏನಾಯಿತೆಂದು ಹೊಳೆಯಿತು. ಪೈಜಾಮದ ಲಾಡಿ ಒಳಗಿಂದ ಕಿತ್ತು ಬಂದ ಕ್ಷಣ ಅದು. ಪೈಜಾಮಕ್ಕಾದರೆ ಪಿನ್ನು ಚುಚ್ಚಿ ಹೊರಗಿನಿಂದ ತಡವುತ್ತ ಸಾಗಿಸಬಹುದು. ಕಾರ್ಬನ್ ಫ್ರೇಮನ್ನು ತಡವಿದರೆ ಏನು ಸಿಗುತ್ತದೆ?

ಒಂದೂವರೆ ಗಂಟೆ ಮೊಬೈಲ್ ಟಾರ್ಚ್ ಹಿಡಿದು ತೂತಿನಲ್ಲಿ ಇಣುಕಿದೆವು. ಹೊಸ ವೈರಿನ ತುದಿ ಒಳಗೆಲ್ಲೋ ಗೋಡೆಗೆ ಗುದ್ದಿ ವಾಪಸ್ ಬರುತ್ತಿತ್ತು. ಡಾಬಾದ ಹುಡುಗ ಟೀ ಲೋಟ ಎತ್ತಿಕೊಳ್ಳುತ್ತ, "ಅಣ್ಣಾ, ಅದ್ಕೆ ಹೊರಗಡೆಯಿಂದ್ಲೇ ಕಟ್ಬಾರ್ದಾ?" ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಟ್ಟಲು ಔಟರಿಗೆ ಹೊರಗೆ ಆಸರೆಯ ಗುಬಟೇ ಇರಲಿಲ್ಲ. ಉಳಿದ ದಾರಿಯನ್ನು ಅವನು ಒಂದೇ ಗೇರಿನಲ್ಲಿ ತುಳಿದ, ಏರು ಬಂದಲ್ಲಿ ಇಳಿದು ತಳ್ಳಿದ. ಸಮಯ ಮೀರಿತು.

> ಎಡವೋ ಬಲವೋ
> ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕು, ಬೈಕಿನ ಹಾಗೆ. ಯುರೋಪಿನ ಬಹುತೇಕ ಕಡೆ, ಅಮೆರಿಕದಲ್ಲಿ ಮುಂದಿನದು ಎಡಕ್ಕೆ. ಅಲ್ಲಿಂದ ಸೈಕಲ್ ತಂದವರು ಹೊರವೈರಿನದಾದರೆ ಅರ್ಧ ಗಂಟೆಯಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಒಳಗಿನದಾದರೆ ಎರಡೂ ಪೈಪನ್ನು ಮೊದಲಿಂದ ತೂರಿಸಬೇಕು. ಬೇಡವೆಂದು ಹಾಗೇ ಓಡಿಸಿದರೆ, ನಾಯಿ ಅಡ್ಡ ಬಂದ ಕ್ಷಣದಲ್ಲಿ ಕೈ ಹಳೆಯ ಅಭ್ಯಾಸದಂತೆ ತಪ್ಪು ಬ್ರೇಕು ಹಿಡಿಯುತ್ತದೆ.

ಅವರ ವಾದವೂ ಇದೆ

ಒಳದಾರಿಯ ಪರವಾಗಿ ಹೇಳುವುದೇ ಇಲ್ಲವೆಂದಲ್ಲ. ಹ್ಯಾಂಡಲ್ಲಿನ ಮುಂದೆ ಚೀಲ ಕಟ್ಟಿ ದೂರ ಹೋಗುವವರಿಗೆ ವೈರು ಅಡ್ಡ ಬರುವುದಿಲ್ಲ. ಕೆಸರಿನಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ಓಡುವ ಸೈಕ್ಲೊಕ್ರಾಸ್‌ನವರಿಗೆ ನುಣುಪು ಫ್ರೇಮು ವರ. ಫ್ರೇಮಿನೊಳಗೆ ತುದಿಯಿಂದ ತುದಿಗೆ ಕೊಳವೆ ಅಚ್ಚು ಹಾಕಿರುವ ಸೈಕಲ್ಲುಗಳಿವೆ. ಅವುಗಳಲ್ಲಿ ವೈರು ಈ ಕಡೆ ತಳ್ಳಿದರೆ ಆ ಕಡೆ ತಾನಾಗಿ ತಲೆಯೆತ್ತುತ್ತದೆ. ವೈರಿಲ್ಲದ ಗೇರನ್ನು ಸ್ರ್ಯಾಮ್ ಕಂಪನಿ 2015ರಲ್ಲೇ ತಂದಿತು. ಹಣ ಇದ್ದವರಿಗೆ ಗೇರ್ ವೈರಿನ ತಾಪತ್ರಯ ಮುಗಿದಂತೆ.

ನನ್ನ ತಕರಾರು ಫ್ರೇಮಿನ ತೂತಿನ ಮೇಲಲ್ಲ, ಕುತ್ತಿಗೆಯ ಬೇರಿಂಗಿನ ಮೇಲೆ. ಫ್ರೇಮಿನ ಪಕ್ಕದಿಂದ ವೈರು ಒಳಗೆ ಹೋದರೆ ಸಹಿಸಬಹುದು. ನೀರು, ಧೂಳು, ಪೆಟ್ಟು ತಿನ್ನುವ ಬೇರಿಂಗಿನ ಬಾಗಿಲಲ್ಲೇ ಪೈಪು ಕಟ್ಟುವುದು, ಅಡುಗೆಮನೆಯ ನಲ್ಲಿಯ ಪೈಪನ್ನು ಬಾಗಿಲ ಕೀಲಿನೊಳಗಿಂದ ತಂದ ಹಾಗೆ. ಸ್ಪೆಷಲೈಸ್ಡ್‌ನವರೇ 2021ರ ತಮ್ಮ ಕ್ರಕ್ಸ್ ಸೈಕಲ್ಲಿಗೆ ಹೀಗೆ ಮಾಡದೆ ಮಾಮೂಲಿ ಹ್ಯಾಂಡಲ್ ಇಟ್ಟರು. ಅದು ಕೆಸರು, ಜಲ್ಲಿ ದಾರಿಗೆಂದು ಮಾಡಿದ ಸೈಕಲ್ಲು.

> ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಿ
> ಮೇಲಿನ ಬೇರಿಂಗ್ ಬದಲಿಸಲು ಬ್ರೇಕಿನ ಪೈಪು ಬಿಚ್ಚಬೇಕೇ? ಬಿಚ್ಚಬೇಕಾದರೆ ಕೂಲಿ ಎಷ್ಟು?
> ಹ್ಯಾಂಡಲ್ಲಿನ ಎತ್ತರ ಬೆರಳಗಲ ಇಳಿಸಬೇಕಾದರೆ ಏನೇನು ಕಳಚಬೇಕು?
> ವಿಮಾನದ ಪೆಟ್ಟಿಗೆಗೆ ಹಾಕಲು ಹ್ಯಾಂಡಲ್ ತಿರುಗುತ್ತದೆಯೇ? ಬಲವಂತವಾಗಿ ತಿರುಗಿಸಿದರೆ ಪೈಪು ಮಡಚಿಕೊಳ್ಳುತ್ತದೆ.
> ಈಗಾಗಲೇ ಕೊಂಡಿದ್ದರೆ: ಮಳೆಗಾಲ ಮುಗಿದ ಮೇಲೆ ಒಮ್ಮೆ ಫೋರ್ಕು ಇಳಿಸಿ ಸ್ಟೀರರ್ ನೋಡಿಸಿ. ಹ್ಯಾಂಡಲ್ ಮೇಲೆ ಪ್ರೆಷರ್ ವಾಶ್ ಹೊಡೆಸಬೇಡಿ.

ಹತ್ತಿಯ ಚೂರು

ಅಂಗಡಿಗೆ ವಾಪಸ್ ಬರೋಣ. ಹಿಂದಿನ ಬ್ರೇಕಿನ ಪೈಪನ್ನು ತುದಿ ಕತ್ತರಿಸಿ ಕೂರಿಸಲು ಹೋದರೆ ಉದ್ದ ಸಾಲಲಿಲ್ಲ. ಹೊಸ ಪೈಪೇ ಬೇಕಾಯಿತು. ಹಳೆಯದು ಹೊರಗೆ ಬಂದಿತ್ತು, ದಾರಿ ಹೋಗಿತ್ತು.

ಮೆಕ್ಯಾನಿಕ್ ಡ್ರಾಯರಿನಿಂದ ಹೊಲಿಗೆ ದಾರದ ಉಂಡೆ ತೆಗೆದರು. ತುದಿಗೆ ಕಡಲೆಕಾಳು ಗಾತ್ರದ ಹತ್ತಿ ಕಟ್ಟಿ ಫ್ರೇಮಿನ ಮುಂದಿನ ಕಂಡಿಗೆ ಬಿಟ್ಟರು. ಅಂಗಡಿಯ ಹುಡುಗ ಹಿಂದಿನ ತೂತಿಗೆ ವ್ಯಾಕ್ಯೂಮ್ ಕ್ಲೀನರಿನ ಮೂತಿ ಒತ್ತಿಹಿಡಿದ. ಸ್ವಿಚ್ ಹಾಕಿದೊಡನೆ ದಾರ ಸರಸರ ಓಡಿತು, ನಿಂತಿತು. ಹೊರಗೆ ಎಳೆದು ಮತ್ತೆ ಬಿಟ್ಟರು. ನಾಲ್ಕನೆಯ ಸಲಕ್ಕೆ ಹತ್ತಿಯ ಚೂರು ಆ ಕಡೆ ಇಣುಕಿತು. ಮಳೆಗೆ ಆಸರೆಗೆಂದು ಒಳಗೆ ಬಂದಿದ್ದ ಡೆಲಿವರಿ ಹುಡುಗನೊಬ್ಬ ಚಪ್ಪಾಳೆಯನ್ನೇ ತಟ್ಟಿದ. ಆ ದಾರಕ್ಕೆ ದಪ್ಪ ದಾರ, ದಪ್ಪ ದಾರಕ್ಕೆ ಪೈಪು. ಸಂಜೆ ಆರೂವರೆಗೆ ಬ್ರೇಕು ಕಲ್ಲಿನಂತೆ ಹಿಡಿಯಿತು. ಕರಕರ ಮಾಯ.

ಮನೆಗೆ ಹೋಗುವಾಗ ಮೊದಲ ಹಂಪಿನಲ್ಲಿ ಫ್ರೇಮಿನ ಒಳಗಿಂದ ಟಕ್ ಅಂದಿತು. ಎರಡನೆಯದರಲ್ಲಿ ಟಕ್ ಟಕ್.

ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಪೈಪಿಗೆ ಸುತ್ತೋ ಸ್ಪಂಜು ಸಾರ್... ಹಾಕೋದು ಮರ್ತೋಯ್ತು. ತಗೊಂಡ್ ಬನ್ನಿ, ದುಡ್ಡೇನ್ ಬೇಡ. ಆದ್ರೆ ಮತ್ತೆ ಪೂರ್ತಿ ಬಿಚ್ಬೇಕು."

ಹದಿನೈದು ದಿನವಾಯಿತು. ಹೋಗಿಲ್ಲ. ಹಂಪು ಬಂದಾಗ ಏನಾದರೂ ಹಾಡು ಗುನುಗಿಕೊಳ್ಳುತ್ತೇನೆ.